ಹೇರೋಹಳ್ಳಿ ರಸ್ತೆಗೆ ಎಷ್ಟು ಗಾಳಿ

ಕಾರಿನ ಮುಂದಿನ ಗೂಡಿನಲ್ಲಿ ಕೈಯಾಡಿಸಿದರೆ ನಿಮಗೆ ಏನು ಸಿಗುತ್ತದೋ ನನಗೆ ಗೊತ್ತಿಲ್ಲ. ನನಗೆ ವಿಮೆಯ ಕಾಗದ, ಹಲ್ಲು ಮುರಿದ ಬಾಚಣಿಗೆ, ಯಾವ ದೇವಸ್ಥಾನದ್ದೆಂದು ಮರೆತುಹೋದ ಕುಂಕುಮದ ಪೊಟ್ಟಣ, ಅವೆಲ್ಲದರ ಅಡಿಯಲ್ಲಿ ಪೆನ್ನಿನಷ್ಟು ಉದ್ದದ ಒಂದು ಹಿತ್ತಾಳೆಯ ಗೇಜು ಸಿಗುತ್ತದೆ. ಚಕ್ರದ ಗಾಳಿ ಅಳೆಯುವ ಗೇಜು. ಒಂದು ತುದಿಯನ್ನು ಟೈರಿನ ವಾಲ್ವಿಗೆ ಒತ್ತಿದರೆ ಇನ್ನೊಂದು ತುದಿಯಿಂದ ಗೆರೆ ಹಾಕಿದ ಬಿಳಿಯ ಕಡ್ಡಿಯೊಂದು ನಾಲಿಗೆಯ ಹಾಗೆ ಹೊರಗೆ ಚಾಚುತ್ತದೆ. ಎಷ್ಟು ಚಾಚಿತೋ ಅಷ್ಟು ಗಾಳಿ. ಇದು ಅಪ್ಪನದು. ಅಪ್ಪ ಇದನ್ನು ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಹಾಗಂತ ನನ್ನ ನೆನಪು. ನನ್ನ ನೆನಪಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಸ್ವಲ್ಪ ಹೊತ್ತು ಬಿಟ್ಟು ನೀವೇ ತೀರ್ಮಾನಿಸಿ.

ಗಾಳಿಯ ವಿಷಯದಲ್ಲಿ ನಾನು ಮೊದಲಿನಿಂದಲೂ ಪುಕ್ಕಲಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವವರು ಪೈಪು ಎಳೆದುಕೊಂಡು ಬಂದು "ಎಷ್ಟು ಹಾಕ್ಲಿ ಮೇಡಂ?" ಎಂದರೆ ಸಾಕು, ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿ ನೋಡುತ್ತಿದ್ದವಳನ್ನು ಹೆಸರು ಹಿಡಿದು ಎಬ್ಬಿಸಿದಂತಾಗುತ್ತದೆ. "ನೀವೇ ನೋಡಿ ಹಾಕಿ" ಎನ್ನುತ್ತೇನೆ. ಅವರು ನೋಡುವುದಿಲ್ಲ, ಹಾಕುತ್ತಾರೆ. ಚಾಲಕರ ಕಡೆಯ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಈ ಕಾರಿಗೆ ಮೂವತ್ತಮೂರು ಎಂದು ಸ್ಪಷ್ಟವಾಗಿ ಬರೆದಿದೆ ಎನ್ನುವುದು ನನಗೆ ಗೊತ್ತಾದದ್ದು ಕಾರು ಕೊಂಡು ಎಷ್ಟೋ ವರ್ಷಗಳಾದ ಮೇಲೆ. ವಿಜಯನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವುದು ನನ್ನ ಕೆಲಸ. "ಆಧಾರ ಎಲ್ಲಿ? ಯಾರು ಹೇಳಿದ್ದು? ಯಾವಾಗ ಹೇಳಿದ್ದು?" ಎಂದು ಮಕ್ಕಳ ಪ್ರಾಣ ತಿನ್ನುವವಳು ನನ್ನದೇ ಬಾಗಿಲಿಗೆ ಅಂಟಿದ ಶಾಸನವನ್ನು ಓದಿರಲಿಲ್ಲ.

ಈಗ ಬೇಕಾದರೆ ಕೇಳಿ, ಒಂದು ಗಂಟೆ ಮಾತಾಡುತ್ತೇನೆ. ಗಾಳಿ ಹೆಚ್ಚಾದರೆ ಚಕ್ರ ಕಲ್ಲಿನಂತೆ ಬಿರುಸಾಗಿ, ರಸ್ತೆಯ ಒಂದೊಂದು ಹರಳನ್ನೂ ಒಳಗೆ ಕೂತವರ ಬೆನ್ನಿಗೆ ತಲುಪಿಸುತ್ತದೆ. ಕಡಿಮೆ ಮಾಡಿದರೆ ಟೈರು ಅಗಲವಾಗಿ ಹರಡಿಕೊಂಡು ಕಲ್ಲುಮಣ್ಣನ್ನು ಅಪ್ಪಿ ಹತ್ತಿ ಇಳಿಯುತ್ತದೆ. ಹಾಗೆಂದು ಅದೇ ಮೆತ್ತನೆಯ ಚಕ್ರದಲ್ಲಿ ಟಾರು ರಸ್ತೆಗೆ ಹೋಗಿ ವೇಗ ಹಿಡಿದರೆ ಟೈರು ಬಿಸಿಯಾಗಿ, ಪಕ್ಕ ಮಡಚಿ ಮಡಚಿ, ಕೊನೆಗೆ ಹರಿದೇ ಹೋಗಬಹುದು. ಒಳ್ಳೆಯ ರಸ್ತೆಗೆ ಒಂದು ಅಂಕಿ, ಕೆಟ್ಟ ರಸ್ತೆಗೆ ಒಂದು ಅಂಕಿ. ಎರಡರಲ್ಲಿ ಯಾವುದು ಯಾವಾಗ ಎಂಬ ಚಿಂತೆಯಲ್ಲಿ ಒಂದು ವಾರ ನನಗೆ ಊಟ ರುಚಿಸಲಿಲ್ಲ. ಏಕೆಂದರೆ ಹಿಂದಿನ ಸೀಟಿನಲ್ಲಿ ಕೂರಬೇಕಾದದ್ದು ಅಕ್ಕನ ಕಣ್ಣು.

ಅಕ್ಕನನ್ನು ಮದುವೆ ಮಾಡಿಕೊಟ್ಟದ್ದು ಹೇರೋಹಳ್ಳಿಗೆ. ಆಗ ಅದು ಹಳ್ಳಿ. ಭಾವನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಗಳಾಗಿದೆ. ಭಾವ ಸಿಮೆಂಟು, ಕಬ್ಬಿಣ ಮಾರುವ ಅಂಗಡಿ ಇಟ್ಟಿದ್ದಾರೆ. ಅಕ್ಕ ಮನೆಯಲ್ಲೇ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಅದು ಅವಳ ಹವ್ಯಾಸ ಎಂದು ಭಾವ, ಅದು ತನ್ನ ಉದ್ಯೋಗ ಎಂದು ಅವಳು. ಬಸವೇಶ್ವರನಗರದ ನಮ್ಮ ಬೀದಿಯಿಂದಲೂ ಸೀರೆಗಳು ನನ್ನ ಕಾರಿನಲ್ಲಿ ಅವಳ ಮನೆಗೆ ಹೋಗಿ ಬರುತ್ತವೆ. ಕೂದಲೆಳೆಯಂಥ ರೇಷ್ಮೆದಾರವನ್ನು ಲೆಕ್ಕ ಹಾಕಿ ಬೇರ್ಪಡಿಸಿ ಗಂಟು ಹಾಕುವ ಕೆಲಸ ಅದು. ಅವಳ ಎಡಗಣ್ಣು ಹುಟ್ಟಿನಿಂದಲೇ ಮಂದ. ಆ ಕೆಲಸವೆಲ್ಲ ಬಲಗಣ್ಣಿನದು.

ಆ ಬಲಗಣ್ಣಿಗೆ ಒಂದು ಮಧ್ಯಾಹ್ನ, ದಾರ ಪೋಣಿಸುತ್ತಿದ್ದಾಗ, ಪಕ್ಕದಿಂದ ಕರಿಯ ಪರದೆಯೊಂದು ಸರಿದುಬಂತು. ಒಳಗಿನ ರೆಟಿನಾ, ಅಂದರೆ ನೋಟ ಮೂಡುವ ತೆಳು ಪರದೆ, ಗೋಡೆ ಬಿಟ್ಟು ಕಿತ್ತುಬಂದಿದೆ ಎಂದರು. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಕಣ್ಣಿನೊಳಗೆ ಅನಿಲದ ಒಂದು ಗುಳ್ಳೆ ತುಂಬಿದರು. ಗುಳ್ಳೆಯ ಸ್ವಭಾವ ಮೇಲಕ್ಕೇರುವುದು. ಮುಖ ನೆಲಕ್ಕೆ ಮಾಡಿದ್ದರೆ ಅದು ಕಣ್ಣಿನ ಹಿಂಗೋಡೆಗೆ ಹೋಗಿ ಒತ್ತಿಕೊಂಡು, ಅಂಟಿಸಿದ ಕಾಗದವನ್ನು ಒಣಗುವ ತನಕ ಅಂಗೈಯಲ್ಲಿ ಹಿಡಿದ ಹಾಗೆ, ಪರದೆಯನ್ನು ಹಿಡಿದಿರುತ್ತದಂತೆ. ಆದ್ದರಿಂದ ಮುಂದಿನ ತಪಾಸಣೆಯ ತನಕ ಹಗಲೂ ರಾತ್ರಿ ತಲೆ ತಗ್ಗಿಸಿಯೇ ಇರಬೇಕು. ಅತ್ತೆಯ ಮುಂದೆ, ನೆಂಟರ ಮುಂದೆ, ನನ್ನ ಮುಂದಂತೂ ಒಂದು ದಿನವೂ ತಲೆ ತಗ್ಗಿಸದ ಅಕ್ಕ ಈಗ ಮೇಜಿನ ಮೇಲೆ ದಿಂಬಿಟ್ಟು ಅದರಲ್ಲಿ ಹಣೆ ಹುದುಗಿಸಿ ಕೂತಿದ್ದಳು. ಬಂದವರನ್ನು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದಳು.

"ಸುಮಿ, ಚಪ್ಪಲಿ ಎಳ್ಕೊಂಡು ನಡೀಬೇಡ ಕಣೇ. ಅಮ್ಮ ಇದ್ದಿದ್ರೆ ಬಯ್ತಿದ್ರು."

"ನಿಂಗೆ ಕಣ್ಣಿಗೆ ತಾನೇ ಆಪರೇಷನ್ ಆಗಿರೋದು? ಬಾಯಿಗಲ್ವಲ್ಲ?"

"ಬಾಯಿ ಕೆಳಗಡೆ ಇದೆ. ಎಲ್ಲಾ ಅಲ್ಲೇ ಇಳೀತಾ ಇದೆ."

ಅವಳು ನಗಿಸುತ್ತಿದ್ದಳು. ಒಳಗೆ ಅಂಜಿಕೆ ಇತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಭಾವ ತಮ್ಮ ಅಂಗಡಿಯ ಎತ್ತರದ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಮಾಗಡಿ ರಸ್ತೆ ಬಿಟ್ಟು ಹೇರೋಹಳ್ಳಿಯ ಒಳಕ್ಕೆ ತಿರುಗಿದರೆ ಒಳಚರಂಡಿಗೆಂದು ಅಗೆದು, ಪೈಪು ಹೂತು, ಮೇಲೆ ಮಣ್ಣು ಎಳೆದು ಹೋದ ರಸ್ತೆ. ಒಂದು ಕಡೆ ಗಾಡಿ ದಡಕ್ಕನೆ ಇಳಿಯಿತಂತೆ. ಅಕ್ಕ "ಅಯ್ಯೋ ಕಣ್ಣು" ಎಂದು ಕೂಗಿಕೊಂಡಳಂತೆ. ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು, "ತುಂಬಾ ಕುಲುಕೋ ಹಾಗೆ ಓಡಾಡ್ಬೇಡಿ" ಅಂತ. ಆ ಒಂದು ಕುಲುಕಿನಲ್ಲಿ ಪರದೆ ಮತ್ತೆ ಬಿಟ್ಟುಕೊಂಡಿತೋ ಇಲ್ಲವೋ ಎಂಬುದು ತಪಾಸಣೆಯ ದಿನವೇ ಗೊತ್ತಾಗಬೇಕು. ಅಂದಿನಿಂದ ಭಾವ ಮನೆಯಲ್ಲಿ ಲೋಟ ಇಡುವಾಗಲೂ ಸದ್ದು ಮಾಡುತ್ತಿರಲಿಲ್ಲ.

"ತಪಾಸಣೆಗೆ ಸುಮೀನೇ ಕರ್ಕೊಂಡು ಹೋಗ್ಲಿ" ಎಂದು ಅಕ್ಕ ದಿಂಬಿನೊಳಗಿಂದ ಹೇಳಿದಳು. "ನಿಮ್ ಗಾಡಿ ಸಿಮೆಂಟಿಗೇ ಸರಿ ಕಣ್ರೀ."

ಭಾವ ತಮ್ಮ ಗಾಡಿಯ ಕೀಲಿಯನ್ನು ಮೊಳೆಗೆ ತೂಗುಹಾಕಿದರು. ಅಂದಿನಿಂದ ಚಿಂತೆ ನನ್ನದಾಯಿತು. ನನ್ನ ಕಾರು ಸಣ್ಣದು, ನೆಲಕ್ಕೆ ಹತ್ತಿರ. ರಸ್ತೆ ಅದೇ. ನಾನೇ ದಡಕ್ಕೆನಿಸಿದರೆ?

ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ವಸಂತಾ ಅವರಿಗೆ ಒಂದು ಹಳೆಯ ಜೀಪಿದೆ. ವಾರವೆಲ್ಲ ಮಕ್ಕಳಿಗೆ ಆಮ್ಲ ಪ್ರತ್ಯಾಮ್ಲ ಹೇಳಿ, ಭಾನುವಾರ ಗುಂಪು ಕಟ್ಟಿಕೊಂಡು ಕೆಸರು, ಬಂಡೆ, ಕೆರೆಯಂಗಳ ಹುಡುಕಿಕೊಂಡು ಹೋಗುತ್ತಾರೆ. ಸೋಮವಾರ ಅವರ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿರುತ್ತದೆ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕೂತು, ರಸ್ತೆಯೇ ಇಲ್ಲದ ಕಡೆ ಓಡಿಸುವುದಾದರೆ ಚಕ್ರಕ್ಕೆ ಎಷ್ಟು ಗಾಳಿ ಇರಬೇಕೆಂದು ಕೇಳಿದೆ. ಅವರ ಮುಖ ಅರಳಿತು.

"ಎಲ್ಲಿಗ್ರೀ ಮೇಡಂ ಆಫ್‌ರೋಡು? ಸಕಲೇಶಪುರದ ಕಡೆಗಾ?"

"ಅಲ್ಲ, ಹೇರೋಹಳ್ಳಿಗೆ."

ಚಹಾ ನೆತ್ತಿಗೇರಿ ಕೆಮ್ಮಿದರು. "ಅದನ್ನ ನಮ್ ಗುಂಪಲ್ಲಿ ಹೇಳ್ಬೇಡಿ. ಮುಂದಿನ ಭಾನುವಾರ ಎಲ್ರೂ ಅಲ್ಲಿಗೇ ಬಂದ್ಬಿಡ್ತಾರೆ."

ವಿಷಯ ತಿಳಿದ ಮೇಲೆ ನಗು ನಿಲ್ಲಿಸಿದರು. ತಮ್ಮ ಜೀಪಿಗಾದರೆ ಹದಿನೆಂಟಕ್ಕೂ ಇಳಿಸುತ್ತಾರಂತೆ. "ನಿಮ್ ಕಾರಿಗೆ ಬೇಡ. ಇಪ್ಪತ್ತನಾಲ್ಕಕ್ಕಿಂತ ಕೆಳಗೆ ಹೋದ್ರೆ ಚೂಪು ಕಲ್ಲು ನೇರ ರಿಮ್ಮಿಗೆ ಹೊಡೆಯುತ್ತೆ. ಇಪ್ಪತ್ತನಾಲ್ಕು ಇಟ್ಕೊಂಡು ನಡೆಯೋ ವೇಗದಲ್ಲಿ ಹೋಗಿ. ಟಾರು ಬಂದ ತಕ್ಷಣ ಗಾಳಿ ವಾಪಸ್ ತುಂಬ್ಸಿ. ಅದನ್ನ ಮಾತ್ರ ಮರೀಬೇಡಿ."

ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಮುಗಿಯಬೇಕಿತ್ತು. ನನಗೆ ಮುಗಿಯಲಿಲ್ಲ. ಅವರದು ಬಂಡೆಯ ಅನುಭವ, ನಮ್ಮದು ಕಣ್ಣು. ಕಣ್ಣಿಗೆ ಹೊಂದುವಂಥ ಆಧಾರ ನನಗೆ ಬೇಕಿತ್ತು. ಹುಡುಕಿದಾಗ ಸಿಕ್ಕದ್ದು ಅಪ್ಪನ ಗೇಜು, ಅದರ ಹಿಂದೆಯೇ ಒಂದು ಬೆಳಗ್ಗೆ.

ರಾಜಾಜಿನಗರದ ಬಾಡಿಗೆ ಮನೆಯಿಂದ ವಿಜಯನಗರದ ಸ್ವಂತ ಮನೆಗೆ ನಾವು ಗೃಹಪ್ರವೇಶಕ್ಕೆ ಹೊರಟ ಬೆಳಗ್ಗೆ ಅದು. ನನಗೆ ಆರೋ ಏಳೋ ವರ್ಷ. ಅಪ್ಪನ ಮೇಲಧಿಕಾರಿ ಓಡಿಸಿ ದಣಿದು ಮಾರಿದ ಬಸಳೆಸೊಪ್ಪಿನ ಬಣ್ಣದ ಕಾರು ನಮ್ಮದು. ಹೊರಡುವ ಮುಂಚೆ ಅಜ್ಜಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಕಾರು ಅವುಗಳ ಮೇಲೆ ಹತ್ತಿ ಹೊರಟಿತು. ನನ್ನ ತೊಡೆಯ ಮೇಲೆ ಪೂಜೆ ಮಾಡಿದ ಕಲಶ, ಕಂಠದ ತನಕ ನೀರು. ಹಳೆಯ ಮನೆಯ ಬಾವಿಯ ಗಂಗೆ ಹೊಸ ಮನೆಗೆ ಒಂದು ಹನಿಯೂ ಚೆಲ್ಲದೆ ಬರಬೇಕು ಎಂದು ಅಮ್ಮ ಹೇಳಿದ್ದರು. ಹೊಸ ಬಡಾವಣೆಯ ಹತ್ತಿರ ರಸ್ತೆಗೆ ಜಲ್ಲಿ ಸುರಿದಿದ್ದರು, ಟಾರು ಬಂದಿರಲಿಲ್ಲ. ಅಪ್ಪ ಕಾರು ನಿಲ್ಲಿಸಿ ಇಳಿದರು. ಜೇಬಿನಿಂದ ಗೇಜು ತೆಗೆದು ಅದರ ಹಿಂಬದಿಯ ಮೊಳೆಯಿಂದ ವಾಲ್ವಿನ ಪಿನ್ನನ್ನು ಒತ್ತಿದರು. ಬುಸ್ಸೆಂದು ಗಾಳಿ ಹೋಯಿತು. ಹೀಗೆ ಒಂದೊಂದು ಚಕ್ರಕ್ಕೂ. ಆಮೇಲೆ ಕಾರು ತೊಟ್ಟಿಲಂತೆ ಹೋಯಿತು. ಕಲಶದಿಂದ ಒಂದು ಹನಿ ಚೆಲ್ಲಲಿಲ್ಲ. ದಾರಿಯುದ್ದಕ್ಕೂ ಜಜ್ಜಿದ ನಿಂಬೆಹಣ್ಣಿನ ವಾಸನೆ. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಇದನ್ನು ವಿದ್ಯಾರ್ಥಿಯೊಬ್ಬ ಬರೆದು ತಂದಿದ್ದರೆ ನಾನು ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದೆ. ಆರು ವರ್ಷದ ಸಾಕ್ಷಿ, ಅದೂ ಒಬ್ಬಳೇ. ನಾನು ದಿನಚರಿ ಬರೆಯಲು ಶುರುಮಾಡಿದ್ದು ಕಾಲೇಜು ಸೇರಿದ ಮೇಲೆ, ಅದಕ್ಕಿಂತ ಹಿಂದಿನದೆಲ್ಲ ನನ್ನ ಮಟ್ಟಿಗೆ ಪುರಾಣ. ಆದರೂ ಬುಸ್ಸೆಂಬ ಆ ಸದ್ದು, ಆ ವಾಸನೆ, ತೊಡೆಗೆ ತಾಗಿದ ತಣ್ಣನೆಯ ತಾಮ್ರ ಸುಳ್ಳಾಗುವುದು ಹೇಗೆ? ನೀರು ತುಳುಕಲಿಲ್ಲ ಎಂದಾದರೆ ಕಣ್ಣಿನೊಳಗಿನ ಗುಳ್ಳೆಯೂ ತುಳುಕಬಾರದು. ಅಪ್ಪನ ದಾರಿಯೇ ದಾರಿ ಎಂದುಕೊಂಡೆ. ಹಾಗೆಂದುಕೊಂಡದ್ದೇ ತಡ, ಪರೀಕ್ಷಿಸದೆ ನಂಬುವುದು ಹೇಗೆ ಎಂಬ ಹೆದರಿಕೆ ಬಂತು.

ತಪಾಸಣೆಯ ಹಿಂದಿನ ದಿನ ಹೇರೋಹಳ್ಳಿಗೆ ಹೋಗಿ, ಅಕ್ಕನ ಅಡುಗೆಮನೆಯಿಂದ ಚೊಂಬು ತಂದು, ಕಂಠದ ತನಕ ನೀರು ತುಂಬಿ, ಹಿಂದಿನ ಸೀಟಿನ ಮೇಲೆ ಸೀರೆಯ ಸಿಂಬೆ ಮಾಡಿ ಕೂರಿಸಿದೆ. ಮೂವತ್ತಮೂರರಲ್ಲಿ ಒಂದು ಸಲ ರಸ್ತೆಯ ತುದಿಯ ತನಕ ಹೋಗಿ ಬಂದೆ. ಅರ್ಧ ಚೊಂಬು ಸೀಟಿನ ಪಾಲು. ಗಾಳಿ ಬಿಟ್ಟು ಇಪ್ಪತ್ತನಾಲ್ಕಕ್ಕೆ ಇಳಿಸಿ ಮತ್ತೆ ಹೋಗಿ ಬಂದೆ. ಮುಕ್ಕಾಲು ಚೊಂಬು ಉಳಿದಿತ್ತು. ಗೇಟಿನ ಹತ್ತಿರ ನಿಂತಿದ್ದ ಭಾವನ ಜೊತೆಗೆ ಆಗಲೇ ಎದುರು ಮನೆಯ ಇಬ್ಬರು ಸೇರಿಕೊಂಡಿದ್ದರು.

"ಏನಮ್ಮಾ ಸುಮಾ ಇದು, ಗಂಗಾಪೂಜೆನಾ?"

"ಪರೀಕ್ಷೆ ಭಾವ. ನೋಡಿ, ಗಾಳಿ ಕಡಿಮೆ ಮಾಡಿದ್ರೆ ನೀರು ಕಡಿಮೆ ಚೆಲ್ಲುತ್ತೆ."

"ಎರಡನೇ ಸಲ ನೀನು ನಿಧಾನ ಹೋದೆ. ನಾನು ನೋಡ್ತಾ ಇದ್ನಲ್ಲ."

ನಿಜವಿರಬಹುದು. ನನಗೆ ತಿಳಿಯದೆಯೇ ಕಾಲು ಹಗುರವಾಗಿತ್ತೇನೋ. ತಡಬಡಾಯಿಸಿ ಅಪ್ಪನ ಕಲಶದ ಕಥೆ ಹೇಳಿದೆ. ಭಾವ ಸಾವಧಾನವಾಗಿ ಕೇಳಿಸಿಕೊಂಡರು.

"ಅಲ್ಲಮ್ಮಾ, ಕಲಶದ ಬಾಯಿಗೆ ತೆಂಗಿನಕಾಯಿ ಇಟ್ಟಿರಲ್ವಾ? ಸುತ್ತ ವೀಳ್ಯದೆಲೆ ಬೇರೆ. ಕಾಯಿ ಕೂತ್ಕೊಂಡ ಮೇಲೆ ನೀರು ಎಲ್ಲಿಂದ ಚೆಲ್ಲುತ್ತೆ?"

ಎದುರು ಮನೆಯವರು ನಕ್ಕರು. ನಾನೂ ನಕ್ಕೆ, ತಡವಾಗಿ. ನಾನು ಎಷ್ಟು ಗೃಹಪ್ರವೇಶಗಳಲ್ಲಿ ಊಟ ಮಾಡಿಲ್ಲ! ಎಷ್ಟು ಕಲಶಗಳಿಗೆ ಕುಂಕುಮ ಹಚ್ಚಿಲ್ಲ! ನೆನಪಿನ ಕಲಶದಲ್ಲಿ ಮಾತ್ರ ನೀರು ಬಾಯಿ ತೆರೆದುಕೊಂಡು ಬಿಸಿಲಿಗೆ ಮಿನುಗುತ್ತಿತ್ತು. ಕಾಯಿ ಇರಲೇಬೇಕು. ನಾನು ಅದನ್ನು ಯಾವಾಗ ತೆಗೆದಿಟ್ಟೆ? ಕಾಯಿ ಹೋದ ಮೇಲೆ ಇನ್ನೇನು ಹೋಗಿದೆಯೋ ಎಂದು ಯೋಚಿಸುತ್ತಾ, ಆದರೂ ಗಾಳಿಯನ್ನು ಇಪ್ಪತ್ತನಾಲ್ಕರಲ್ಲೇ ಬಿಟ್ಟು, ಕಾರನ್ನು ಅಲ್ಲೇ ಗೇಟಿನೊಳಗೆ ನಿಲ್ಲಿಸಿ ಅಕ್ಕನ ಮನೆಯಲ್ಲೇ ಉಳಿದೆ.

ಬೆಳಗ್ಗೆ ಅಕ್ಕನನ್ನು ಕಾರಿಗೆ ಹತ್ತಿಸುವುದೇ ಒಂದು ಉತ್ಸವವಾಯಿತು. ತೊಡೆಯ ಮೇಲೆ ಎರಡು ದಿಂಬು, ಅದರ ಮೇಲೆ ಅವಳ ಹಣೆ, ಪಕ್ಕದಲ್ಲಿ ಅವಳ ತಲೆ ಹಿಡಿದುಕೊಂಡು ಭಾವ. ಹೀಗೆ ಬಗ್ಗಿ ಬಗ್ಗಿ ಅವಳಿಗೆ ಹೊಟ್ಟೆ ತೊಳಸುತ್ತಿತ್ತು, ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು ಹಿಡಿದಿದ್ದಳು. ಫೈಲು ಇದೆಯೇ, ಕಣ್ಣಿಗೆ ಹಾಕುವ ಔಷಧಿ ಇದೆಯೇ, ನೀರಿದೆಯೇ ಎಂದು ನಾನು ಮತ್ತೆ ಮತ್ತೆ ನೋಡಿದೆ. ನೋಡದೆ ಉಳಿದದ್ದು ಚಕ್ರ ಒಂದೇ. ಗಾಳಿಯ ಬಗ್ಗೆ ವಾರವೆಲ್ಲ ಯೋಚಿಸಿ ಯೋಚಿಸಿ, ಅದು ಮುಗಿದ ಕೆಲಸ ಎಂದುಕೊಂಡುಬಿಟ್ಟಿದ್ದೆ.

ಮನೆಯ ಮುಂದಿನ ಚಪ್ಪಡಿ ದಾಟಿ ಅಗೆದ ರಸ್ತೆಗೆ ಇಳಿದ ತಕ್ಷಣ ಸ್ಟಿಯರಿಂಗ್ ಕೈಯಲ್ಲಿ ನಡುಗಿತು. ಮೊದಲ ಕಲ್ಲಿಗೇ ಕಾರು ಚೆಂಡಿನ ಹಾಗೆ ಪುಟಿಯಿತು.

"ಅಮ್ಮಾ!" ಎಂದಳು ಅಕ್ಕ.

"ಏನಾಯ್ತು? ಕಣ್ಣಾ?"

"ಗೊತ್ತಿಲ್ಲ ಕಣೇ. ನಿಲ್ಸು, ನಿಲ್ಸು."

ರಸ್ತೆಯ ನಡುವೆಯೇ ನಿಲ್ಲಿಸಿದೆ. ಗೂಡಿನಿಂದ ಗೇಜು ತೆಗೆದು ಇಳಿದು, ಮುಂದಿನ ಚಕ್ರಕ್ಕೆ ಒತ್ತಿದೆ. ಬಿಳಿಯ ನಾಲಿಗೆ ಪೂರ್ತಿ ಹೊರಗೆ ಬಂತು. ನಲವತ್ತು. ಗೇಜು ಕೆಟ್ಟಿದೆ ಎಂದುಕೊಂಡು ಹಿಂದಿನ ಚಕ್ರಕ್ಕೆ ಒತ್ತಿದೆ. ನಲವತ್ತು.

"ಭಾವ, ಗಾಳಿ ನಲವತ್ತಿದೆ!"

"ಹ್ಞೂಂ ಮತ್ತೆ" ಎಂದರು ಭಾವ ಕಿಟಕಿಯಿಂದ, ನಾನು ಧನ್ಯವಾದ ಹೇಳುತ್ತೇನೆಂದು ಕಾದವರಂತೆ. "ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ನಾನೇ ಬಂಕಿಗೆ ಹೋಗಿ ತುಂಬಿಸ್ಕೊಂಡ್ ಬಂದೆ. ನಿನ್ನೆ ನೀನು ಪರೀಕ್ಷೆಗೆ ಅಂತ ಬಿಟ್ಟಿದ್ದೆಯಲ್ಲ, ಚಕ್ರ ಎಲ್ಲಾ ಕೂತ್ಕೊಂಡುಬಿಟ್ಟಿದ್ವು. ಆಸ್ಪತ್ರೆಗೆ ಹೋಗೋ ಗಾಡಿ, ಗಟ್ಟಿಯಾಗಿರ್ಲಿ ಅಂತ ಒಂಚೂರು ಜಾಸ್ತೀನೇ ಹಾಕ್ಸಿದೆ."

ಕೋಪ ಬರಬೇಕಿತ್ತು. ಆದರೆ ಆ ಮುಖ ನೋಡಿದರೆ ಆಗಲಿಲ್ಲ. ನಮ್ಮಲ್ಲಿ ಪ್ರೀತಿ ತೋರಿಸುವುದೆಂದರೆ ತುಂಬುವುದು. ತಟ್ಟೆಗೆ ಅನ್ನ, ಚೀಲಕ್ಕೆ ತರಕಾರಿ, ಹೊರಟವರ ಗಾಡಿಗೆ ಗಾಳಿ. ಬೇಡ ಎಂದ ಮೇಲೂ ಇನ್ನೊಂದು ಸೌಟು. ಆ ಮೊದಲ ದಿನದ ಕುಲುಕನ್ನು ಸರಿಪಡಿಸಲು ಅವರಿಗೆ ತೋಚಿದ್ದು ಇದೊಂದೇ.

"ಜಾಸ್ತಿ ಗಾಳಿ ಇದ್ರೇನೇ ಕುಲುಕೋದು ಭಾವ" ಎಂದೆ, ಆದಷ್ಟು ಮೆಲ್ಲಗೆ.

ಅವರ ಮುಖ ಇಳಿಯಿತು. "ಅಂದ್ರೆ ಈಗ್ಲೂ ನಾನೇನಾ?" ಎಂದರು.

ನಾನು ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಪಿನ್ನನ್ನು ಒತ್ತಿದೆ. ಬುಸ್ಸೆಂದಿತು. ಹಿಂದೆ ಬಂದ ಟೆಂಪೋದವನು ಹಾರ್ನ್ ಹೊಡೆದ. "ಅಕ್ಕಾ, ಪಂಚರ್ ಆದ್ರೆ ಸೈಡಿಗೆ ಹಾಕ್ರಕ್ಕಾ!" ಪಂಚರಲ್ಲ, ನಾನೇ ಗಾಳಿ ಬಿಡುತ್ತಿದ್ದೇನೆ ಎಂದರೆ ಅವನು ಏನೆಂದುಕೊಳ್ಳುತ್ತಾನೆ? ಪಿನ್ನು ಒತ್ತುತ್ತಲೇ ಇದ್ದೆ. ಭಾವ ಕೈ ಬೀಸಿ ಪಕ್ಕದಿಂದ ಹೋಗೆಂದರು.

ಹಿಂದಿನ ಚಕ್ರದ ಹತ್ತಿರ ಬಂದಾಗ ತೆರೆದ ಕಿಟಕಿಯಿಂದ, ದಿಂಬಿನೊಳಗಿಂದ, ಅಕ್ಕನ ದನಿ ಕೇಳಿಸಿತು.

"ಅಪ್ಪನೂ ಹಿಂಗೇ ಬಿಟ್ಟಿದ್ರು."

ನಾನು ತಲೆ ಎತ್ತಿದೆ. "ನಿಂಗೂ ನೆನಪಿದ್ಯಾ? ಗೃಹಪ್ರವೇಶದ ದಿನ?"

"ಇಲ್ದೇ ಏನು? ಜಲ್ಲಿ ರಸ್ತೆ."

"ನೋಡಿದ್ರಾ ಭಾವ? ಕಲಶ ಚೆಲ್ಲಬಾರ್ದು ಅಂತ ಬಿಟ್ಟಿದ್ದು. ನಾನು ತೊಡೆ ಮೇಲೆ ಇಟ್ಕೊಂಡಿದ್ದೆ."

"ನೀನೆಲ್ಲಿ ಇಟ್ಕೊಂಡಿದ್ದೆ? ಕಲಶ ನನ್ ತೊಡೆ ಮೇಲಿತ್ತು. ಕಾಯಿ ಬೀಳದ ಹಾಗೆ ಹಿಡಿದೂ ಹಿಡಿದೂ ಕೈ ಮರಗಟ್ಟಿ ಹೋಗಿತ್ತು ನಂಗೆ."

"ಮತ್ತೆ ನಾನು?"

"ನೀನು ವಾಂತಿ ಮಾಡ್ತಿದ್ದೆ."

ಭಾವ ಕೆಮ್ಮಿದ್ದು ಕೇಳಿಸಿತು.

"ಕಾರು ಹತ್ತಿದ್ರೆ ಸಾಕು, ನೀನು ಶುರು. ಅವತ್ತು ಹೊಸ ಲಂಗದ ಮೇಲೆ ಒಂದು ಸಲ ಆಗಿತ್ತು. ಜಲ್ಲಿ ಮೇಲೆ ಕುಲುಕಿದ್ರೆ ಇನ್ನೊಂದು ಸಲ ಗ್ಯಾರಂಟಿ ಅಂತ ಅಮ್ಮ ಅಂದ್ರು. ಅದಕ್ಕೇ ಅಪ್ಪ ಇಳ್ದು ಗಾಳಿ ಬಿಟ್ಟಿದ್ದು. ಕಲಶಕ್ಕೂ ಅದಕ್ಕೂ ಏನೂ ಇಲ್ಲ ಕಣೇ. ಅಪ್ಪ ಗಾಳಿ ಬಿಟ್ಟಿದ್ದು ನಿಂಗೆ."

"ಇಲ್ಲ ಬಿಡು. ನಿಂಬೆಹಣ್ಣಿನ ವಾಸನೆ ನಂಗೆ ಇವತ್ತಿಗೂ ನೆನಪಿದೆ. ಅಜ್ಜಿ ಚಕ್ರದ ಕೆಳಗೆ ಇಟ್ಟಿದ್ದು."

"ಚಕ್ರದ ಕೆಳಗಿಂದು ಬಾಗಿಲಲ್ಲೇ ಉಳೀತಲ್ಲೇ, ದಾರಿಯುದ್ದಕ್ಕೂ ಹೆಂಗೆ ವಾಸನೆ ಬರುತ್ತೆ? ಒಂದು ನಿನ್ ಕೈಲಿತ್ತು. ಮೂಗಿಗೆ ಹಿಡ್ಕೊಂಡು, ಉಗುರಲ್ಲಿ ಕೆರೆದೂ ಕೆರೆದೂ ಮೂಸ್ತಾ ಇದ್ದೆ."

ಅದೇ ಹೊತ್ತಿಗೆ ಅವಳ ಮುಷ್ಟಿಯ ನಿಂಬೆಹಣ್ಣಿನ ವಾಸನೆ ಕಿಟಕಿಯಿಂದ ಹೊರಗೆ ಬಂತು. ವಾಸನೆ ಅದೇ. ಅದು ಯಾರ ಪರವಾಗಿಯೂ ಸಾಕ್ಷಿ ಹೇಳುವಂತಿರಲಿಲ್ಲ. ಪಿನ್ನು ಒತ್ತಿದ ಕೈ ತೆಗೆಯದೆಯೇ ನಾನು ಚಕ್ರಕ್ಕೆ ಒರಗಿ ಕೂತೆ. ಅಷ್ಟು ವರ್ಷ ನನ್ನ ತೊಡೆಯ ಮೇಲಿದ್ದ ತಾಮ್ರದ ತಂಪು, ಯಾರೋ ಬಂದು "ಇದು ನಮ್ಮದು" ಎಂದು ಎತ್ತಿಕೊಂಡು ಹೋದ ಹಾಗಾಯಿತು. ಅಕ್ಕನ ನೆನಪೂ ನೆನಪೇ ತಾನೇ, ಅವಳಿಗೂ ಆಗ ಹತ್ತೋ ಹನ್ನೊಂದೋ ಎಂದು ವಾದಿಸಬಹುದಿತ್ತು. ಆದರೆ ಯಾರೂ ತಮ್ಮ ನೆನಪಿನ ಮೆರವಣಿಗೆಗೆ ತಂಗಿಯ ವಾಂತಿಯನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಕಲಶವನ್ನಾದರೆ ಸೇರಿಸಿಕೊಳ್ಳುತ್ತಾರೆ, ನಾನು ಮಾಡಿದ ಹಾಗೆ.

"ಸುಮಿ, ಗಾಳಿ ಪೂರ್ತಿ ಹೋಗ್ಬಿಟ್ಟಾತು, ನೋಡೇ" ಎಂದಳು ಅಕ್ಕ.

ಗೇಜು ಒತ್ತಿದೆ. ಇಪ್ಪತ್ತಮೂರು. ಒಂದು ಕಡಿಮೆಯೇ ಆಯಿತು ಎಂಬ ಭಯದಲ್ಲಿ ಕಾರು ಹತ್ತಿ, ನಡೆಯುವವರೂ ನಮ್ಮನ್ನು ಹಿಂದಿಕ್ಕುವ ವೇಗದಲ್ಲಿ ಹೊರಟೆ. ಟೈರು ಕಲ್ಲುಗಳನ್ನು ನುಂಗಿಕೊಂಡು ಹೋಯಿತು. ಮಾಗಡಿ ರಸ್ತೆ ಕೂಡುವಲ್ಲಿ ಬಂಕಿದೆ. ಪೈಪು ಹಿಡಿದು ಬಂದವರು ಕೇಳಿದರು, "ಎಷ್ಟು ಹಾಕ್ಲಿ ಮೇಡಂ?"

"ಮೂವತ್ತಮೂರು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಒಂದೂ ಜಾಸ್ತಿ ಬೇಡ."

ಭಾವ ಕಿಟಕಿಯಾಚೆ ನೋಡುತ್ತಿದ್ದರು.

ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟಿ ರಾಜಾಜಿನಗರ ಮುಟ್ಟಿದೆವು. ಆಸ್ಪತ್ರೆಯಲ್ಲಿ ಹೆಸರು ಕರೆಯುವ ತನಕ ಅಕ್ಕ ದಿಂಬಿನ ಮೇಲೆ, ಭಾವ ಕಾರಿಡಾರಿನ ಉದ್ದಗಲಕ್ಕೆ. ನಾನು ಗೇಜನ್ನು ಕೈಯಲ್ಲಿಯೇ ಹಿಡಿದುಕೊಂಡು ಬಂದಿದ್ದೆ ಎಂಬುದು ಗೊತ್ತಾದದ್ದು ಪಕ್ಕದಲ್ಲಿ ಕೂತ ಮುದುಕಿಯೊಬ್ಬರು "ಅದೂ ಕಣ್ಣಿಗೆ ಹಾಕೋದೇನಮ್ಮಾ?" ಎಂದು ಕೇಳಿದಾಗ.

ಡಾಕ್ಟರು ಕಣ್ಣಿನ ಒತ್ತಡ ನೋಡಿದರು. ಕಣ್ಣಿಗೂ ಇಷ್ಟಿರಬೇಕು, ಅಷ್ಟಿರಬಾರದು ಎಂಬ ಲೆಕ್ಕವಿದೆಯೆಂದು ನನಗೆ ಆಗಲೇ ತಿಳಿದದ್ದು. ಸ್ವಲ್ಪ ಹೆಚ್ಚಿದೆ, ಇಳಿಸಲು ಔಷಧಿ ಕೊಡುತ್ತೇನೆ ಎಂದರು. ಆಮೇಲೆ ದೀಪ ಹಿಡಿದು ಒಳಗೆ ನೋಡಿದರು, ಬಹಳ ಹೊತ್ತು. ಆ ಹೊತ್ತಿನಲ್ಲಿ ಭಾವ ನನ್ನ ಮುಂಗೈಯನ್ನು ಹಿಡಿದಿದ್ದರು. ಅವರು ಹಾಗೆ ಹಿಡಿದದ್ದು ಅದೇ ಮೊದಲು.

"ಅಂಟ್ಕೊಂಡಿದೆ" ಎಂದರು ಡಾಕ್ಟರು. "ಇನ್ನು ತಲೆ ಎತ್ತಿ ಕೂತ್ಕೋಬಹುದು. ಅಂಗಾತ ಮಾತ್ರ ಮಲಗಬೇಡಿ. ವಿಮಾನ, ಬೆಟ್ಟ ಗಿಟ್ಟ ಬೇಡ, ಮೇಲೆ ಹೋದ್ರೆ ಗುಳ್ಳೆ ಹಿಗ್ಗುತ್ತೆ. ಕಣ್ಣು ಎಷ್ಟು ಕಾಣುತ್ತೆ ಅನ್ನೋದು ಗುಳ್ಳೆ ಕರಗಿದ ಮೇಲೆ ನೋಡ್ಬೇಕು. ಈಗ್ಲೇ ಹೇಳೋಕಾಗಲ್ಲ."

"ದಾರ ಪೋಣಿಸ್ಬಹುದಾ?" ಎಂದಳು ಅಕ್ಕ.

"ಅದನ್ನೂ ಆಗ್ಲೇ ನೋಡೋಣಮ್ಮ."

ಭಾವ ಒಂದು ಹೆಜ್ಜೆ ಮುಂದೆ ಬಂದರು. "ಸಾರ್, ಮೊದಲ ದಿನ ಗಾಡಿ ಒಂದ್ಸಲ ಗುಂಡಿಗೆ ಬಿದ್ದಿತ್ತು. ಅದ್ರಿಂದ ಏನಾದ್ರೂ..."

"ಅಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಿ. ಬೆಂಗಳೂರಲ್ಲಿ ಗುಂಡಿಗೆ ಬೀಳದೆ ಇಲ್ಲಿಗೆ ಬರೋಕಾಗುತ್ತಾ? ಅವ್ರು ತಲೆ ಬಗ್ಗಿಸ್ಕೊಂಡು ಇದ್ರಲ್ಲ, ಅದೇ ಮುಖ್ಯ."

ಭಾವ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು. ನನಗೂ ಹಗುರವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಮೂಲೆಯಲ್ಲಿ ಒಂದು ಸಣ್ಣ ಪೆಚ್ಚು. ವಾರದ ಚಿಂತೆ, ಸ್ಟಾಫ್ ರೂಮಿನ ಸಂಶೋಧನೆ, ಚೊಂಬು, ಕಲಶ, ಕೆಸರು, ಇಪ್ಪತ್ತನಾಲ್ಕು, ಮೂವತ್ತಮೂರು ಯಾವುದೂ ಬೇಕಿರಲಿಲ್ಲ.

ವಾಪಸ್ ಬರುವಾಗ ಅಕ್ಕ ನನ್ನ ಪಕ್ಕದ ಸೀಟಿನಲ್ಲಿ ತಲೆ ಎತ್ತಿ ಕೂತಳು. ಕತ್ತು ನೆಟ್ಟಗೆ ನಿಲ್ಲದೆ ಅವಳೇ ನಗುತ್ತಿದ್ದಳು. ಬಲಗಣ್ಣಿನಲ್ಲಿ ಏನು ಕಾಣುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು. "ಮೇಲ್ಗಡೆ ಒಂದು ಚೂರು ಬೆಳಕು ಕಾಣುತ್ತೆ. ಕೆಳಗಡೆ ಎಲ್ಲಾ ನೀರು ತುಂಬಿದ ಹಾಗಿದೆ ಕಣೇ. ನೀನು ಬ್ರೇಕ್ ಹಾಕಿದ್ರೆ ತುಳುಕುತ್ತೆ." ಮುಷ್ಟಿಯ ನಿಂಬೆಹಣ್ಣನ್ನು ಬೆರಳಲ್ಲಿ ಉರುಳಿಸಿದಳು. "ಇದು ಹೋಗುತ್ತೆ ಅಲ್ವಾ?" ಎಂದಳು. "ಹೋಗುತ್ತೆ" ಎಂದೆ. ಆಧಾರ ಕೇಳಲಿಲ್ಲ ಅವಳು.

ಹೇರೋಹಳ್ಳಿಯ ತಿರುವು ಬಂತು. ಟಾರು ಮುಗಿದು ಮಣ್ಣು ಶುರುವಾಗುವ ಕಡೆ ಕಾರನ್ನು ನಿಧಾನ ಮಾಡಿದೆ. ಇನ್ನು ಗಾಳಿ ಇಳಿಸುವ ಅಗತ್ಯವಿಲ್ಲ, ಡಾಕ್ಟರೇ ಹೇಳಿದ್ದಾರೆ. ಹಾಗೇ ಮುಂದಕ್ಕೆ ಬಿಡೋಣವೆಂದುಕೊಳ್ಳುವಾಗ ಹಿಂದಿನಿಂದ ಭಾವ, "ನಿಲ್ಸಮ್ಮಾ ಒಂದ್ನಿಮಿಷ" ಎಂದರು. ಸೀಟುಗಳ ನಡುವಿನಿಂದ ಬಗ್ಗಿ ಗೂಡಿಗೆ ಕೈ ಚಾಚಿ ಗೇಜು ತೆಗೆದುಕೊಂಡು ಇಳಿದರು.

"ಭಾವ, ಬೇಕಾಗಿಲ್ಲವಂತಲ್ಲ..."

"ಡಾಕ್ಟ್ರು ಈ ರಸ್ತೆ ನೋಡಿದ್ದಾರಾ?" ಎಂದು ಕುಕ್ಕರುಗಾಲಲ್ಲಿ ಕೂತರು. "ಎಷ್ಟಕ್ಕಮ್ಮಾ ಇಳಿಸ್ಬೇಕು?"

"ಇಪ್ಪತ್ತನಾಲ್ಕು."

ಬುಸ್ಸೆಂದು ಗಾಳಿ ಹೋಗತೊಡಗಿತು. ಅಷ್ಟು ತುಂಬಿಸುವ ಮನುಷ್ಯ ಗಾಳಿ ಬಿಡುತ್ತಿರುವುದನ್ನು ಕನ್ನಡಿಯಲ್ಲಿ ನೋಡುತ್ತಾ ಕೂತೆ. ಬಿಸಿಲು, ಬೆಳಗಿನಿಂದ ಖಾಲಿ ಹೊಟ್ಟೆ, ಇಳಿದುಹೋದ ಭಯ ಎಲ್ಲ ಸೇರಿ ನನಗೆ ಇದ್ದಕ್ಕಿದ್ದಂತೆ ಹೊಟ್ಟೆ ತೊಳಸಿದಂತಾಯಿತು. ಏನೂ ಹೇಳದೆ ಸ್ಟಿಯರಿಂಗಿಗೆ ಹಣೆ ಕೊಟ್ಟೆ.

ಒಂದೇ ಮಂದಗಣ್ಣಿನಲ್ಲಿ ಅವಳಿಗೆ ಅದು ಹೇಗೆ ಕಂಡಿತೋ. ಅಕ್ಕನ ಕೈ ನನ್ನ ಮುಖವನ್ನು ತಡಕಿ ಹುಡುಕಿತು. ಉಗುರಿನಲ್ಲಿ ಸಿಪ್ಪೆ ಕೆರೆದು, ನಿಂಬೆಹಣ್ಣನ್ನು ನನ್ನ ಮೂಗಿಗೆ ಹಿಡಿದಳು.

"ಮೂಸು" ಎಂದಳು. "ಆಮೇಲೆ ಹೊರಡು. ನಿಧಾನಕ್ಕೆ."